ಯು ಇಲ್ಲದ ಕ್ಯೂ

ಮಕ್ಕಳೇ, ಇಂಗ್ಲಿಷಿನ 26 ಅಕ್ಷರಗಳಲ್ಲಿ ಒಬ್ಬಂಟಿಯಾಗಿ ಮನೆ ಬಿಟ್ಟು ಹೊರಡಲು ಹೆದರುವ ಅಕ್ಷರ ಯಾವುದು, ಹೇಳಿ ನೋಡೋಣ?

ಕ್ಯೂ! ಕ್ವೀನ್, ಕ್ವಿಕ್, ಕ್ವೆಶ್ಚನ್, ಸ್ಕ್ವೇರ್, ಈಕ್ವಲ್ ಹೀಗೆ ಯಾವ ಪದ ತೆಗೆದರೂ ಕ್ಯೂ ಪಕ್ಕದಲ್ಲಿ ಯು ಕೈಹಿಡಿದು ನಿಂತಿರುತ್ತದೆ. ‘ಕ್ಯೂ ಬಂದರೆ ಯು ಬರಲೇಬೇಕು’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ, ತಪ್ಪಿಲ್ಲ. ಆದರೆ ದಪ್ಪ ನಿಘಂಟಿನಲ್ಲಿ ಕ್ಯೂ ಪುಟಗಳನ್ನು ತೆರೆದರೆ, ಯು ಹಂಗಿಲ್ಲದೆ ಎದೆಯುಬ್ಬಿಸಿ ನಿಂತ ಕೆಲವು ಪದಗಳು ಸಿಗುತ್ತವೆ. ಇವತ್ತು ಅವುಗಳನ್ನು ಮಾತಾಡಿಸೋಣ. ಅಜ್ಜ-ಅಜ್ಜಿಯರೇ, ನೀವೂ ಕನ್ನಡಕ ಹಾಕಿಕೊಂಡು ಬನ್ನಿ. ಕೊನೆಯಲ್ಲಿ ನಿಮಗೇ ಹೆಚ್ಚು ಕೆಲಸ ಇದೆ.

ಈ ಜೋಡಿ ಹೇಗೆ ಕೂಡಿತು?

ಕ್ಯೂ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದಲ್ಲಿ ಫಿನಿಷಿಯನ್ನರು ಎಂಬ ವ್ಯಾಪಾರಿಗಳಿದ್ದರು. ಅವರ ಅಕ್ಷರಮಾಲೆಯಲ್ಲಿ ‘ಕೋಫ್’ ಎಂಬ ಅಕ್ಷರ ಇತ್ತು. ಗಂಟಲಿನ ಆಳದಿಂದ ಹೊರಡುವ ಒಂದು ಬಗೆಯ ‘ಕ’ಕಾರ ಅದು. ಅವರಿಂದ ಗ್ರೀಕರು ಅದನ್ನು ಪಡೆದು ‘ಕೋಪ್ಪಾ’ ಎಂದರು. ಗ್ರೀಕರಿಗೆ ಆ ಆಳದ ಉಚ್ಚಾರಣೆ ಬೇಕಾಗಿರಲಿಲ್ಲ. ಹಾಗಾಗಿ ಕಾಲಕ್ರಮೇಣ ಅಕ್ಷರವನ್ನು ಕೈಬಿಟ್ಟು, 90 ಎಂಬ ಸಂಖ್ಯೆಯ ಗುರುತಾಗಿ ಮಾತ್ರ ಉಳಿಸಿಕೊಂಡರು. ಕೊರಿಂತ್ ನಗರದ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಇಂದಿಗೂ ಅದನ್ನು ನೋಡಬಹುದು. ರೆಕ್ಕೆಯ ಕುದುರೆಯ ಚಿತ್ರ, ಅದರ ಕೆಳಗೆ ಪುಟ್ಟದೊಂದು ಕೋಪ್ಪಾ. ಆ ಊರಿನವರು ತಮ್ಮ ಊರ ಹೆಸರನ್ನು ಆ ಅಕ್ಷರದಿಂದ ಶುರು ಮಾಡುತ್ತಿದ್ದರು.

ರೋಮನ್ನರು ಇದೇ ಅಕ್ಷರಕ್ಕೆ ಬೇರೆ ಕೆಲಸ ಕೊಟ್ಟರು. ನಮ್ಮ ‘ಪಕ್ವ’ದಲ್ಲಿ ಬರುವ ‘ಕ್ವ’ ಉಚ್ಚಾರಣೆಯನ್ನು ಬರೆಯಲು ಕ್ಯೂ ಜೊತೆಗೆ ಯು ಸೇರಿಸಿದರು. ನಾವು ಕ ಕೆಳಗೆ ವ ಒತ್ತು ಕೊಡುತ್ತೇವಲ್ಲ, ಅದೇ ಕೆಲಸ. ಅಲ್ಲಿಂದ ಈ ಜೋಡಿ ಬಿಟ್ಟಿರಲಾರದ್ದಾಯಿತು.

ಇಂಗ್ಲಿಷರಿಗೆ ಮೊದಲು ಈ ಜೋಡಿಯ ಗೊಡವೆಯೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ರಾಣಿಯನ್ನು ಸಿ, ಡಬ್ಲ್ಯೂ, ಇ, ಎನ್ ಎಂದು ಬರೆದು ‘ಕ್ವೇನ್’ ಎನ್ನುತ್ತಿದ್ದರು. ಸಿ, ಡಬ್ಲ್ಯೂ, ಐ, ಸಿ ಎಂದರೆ ‘ಕ್ವಿಕ್’. ಆಗ ಅದರ ಅರ್ಥ ‘ಜೀವ ಇರುವ’ ಎಂದು. ಪಾದರಸಕ್ಕೆ ಇಂಗ್ಲಿಷಿನಲ್ಲಿ ಕ್ವಿಕ್ ಸಿಲ್ವರ್ ಎಂಬ ಹೆಸರಿದೆಯಲ್ಲ, ಅದು ವೇಗದ ಬೆಳ್ಳಿ ಅಲ್ಲ, ಜೀವಂತ ಬೆಳ್ಳಿ! 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅವನ ಹಿಂದೆ ಬಂದ ಫ್ರೆಂಚ್ ಪದ್ಧತಿಯ ಲಿಪಿಕಾರರು ತಮ್ಮ ರೂಢಿಯಂತೆ ಕ್ಯೂ-ಯು ಹಾಕಿ ಬರೆಯತೊಡಗಿದರು. ರಾಣಿಯ ಕಾಗುಣಿತವೇ ಬದಲಾಯಿತು. ರಾಜ್ಯ ಗೆದ್ದವರು ಕಾಗುಣಿತವನ್ನೂ ಗೆದ್ದರು ನೋಡಿ.

ಹತ್ತು ಅಂಕದ ಸಂಕಟ

ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ ಸ್ಕ್ರಾಬಲ್ ಆಟದ ಹಾವಳಿ. ಏಳನೇ ತರಗತಿಯ ಮೊಮ್ಮಗಳಿಗೆ ಎದುರಾಳಿ ಎಂದರೆ ನಾನೇ. 1930ರ ದಶಕದಲ್ಲಿ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ರೂಪಿಸಿದ ಆಟ ಇದು. ಒಟ್ಟು 100 ಬಿಲ್ಲೆಗಳು. ಅವುಗಳಲ್ಲಿ ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಯು ಇರುವುದು ನಾಲ್ಕೇ. ಆಟ ಮುಗಿದಾಗ ಕ್ಯೂ ಕೈಯಲ್ಲೇ ಉಳಿದರೆ ಆ 10 ಅಂಕ ನಿಮ್ಮ ಲೆಕ್ಕದಿಂದ ಕಳೆಯುತ್ತಾರೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಮೆ ಆಗಬೇಕಾದದ್ದು ಖರ್ಚಿಗೆ ಬಿತ್ತು!

ಒಂದು ದಿನ ಅವಳ ಮುಖ ಬಾಡಿತು.

“ತಾತ, ಕ್ಯೂ ಬಂದ್ಬಿಡ್ತು. ನಾಲ್ಕು ಯುನೂ ಖಾಲಿಯಾಗಿದೆ.”

“ಯು ಯಾಕಮ್ಮ ಬೇಕು? ಪಕ್ಕದಲ್ಲಿ ಒಂದು ಐ ಇದೆಯಾ ನೋಡು.”

ಐ ಇತ್ತು. ಕ್ಯೂ, ಐ. ಎರಡೇ ಅಕ್ಷರದ ಪದ. ಅವಳು ನಂಬಲಿಲ್ಲ. ‘ತಾತ ನನ್ನ ಕಾಲೆಳೀತಿದ್ದಾರೆ’ ಎಂದು ಅಜ್ಜಿಗೆ ದೂರು ಹೋಯಿತು. ನಿಘಂಟು ಬಂತು, ಪಂಚಾಯಿತಿ ಮುಗಿಯಿತು, ಆಟದಲ್ಲಿ ಅವಳೇ ಗೆದ್ದಳು. ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾವು ಬರೆದ ಪಟ್ಟಿ ಇಲ್ಲಿದೆ.

ಪದಗಳೂ ಅವುಗಳ ಮನೆಯೂ

*ಕ್ಯೂ, ಐ.* ಉಚ್ಚಾರಣೆ ‘ಚೀ’. ಚೀನೀ ಪದ. ಉಸಿರು, ಗಾಳಿ, ಮೈಯೊಳಗೆ ಹರಿಯುವ ಜೀವಶಕ್ತಿ ಎಂಬ ಅರ್ಥಗಳಿವೆ. ನಮ್ಮ ‘ಪ್ರಾಣ’ಕ್ಕೆ ಹತ್ತಿರದ್ದು. 1958ರಲ್ಲಿ ಚೀನಾ ದೇಶ ತನ್ನ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯಲು ಹೊಸ ಪದ್ಧತಿ ತಂದಿತು. ಅದರಲ್ಲಿ ‘ಚ’ದಂಥ ಒಂದು ಉಚ್ಚಾರಣೆಗೆ ಕ್ಯೂ ಅಕ್ಷರವನ್ನು ಗೊತ್ತುಮಾಡಿದರು. ಇತಿಹಾಸದ ಪಾಠದಲ್ಲಿ ಬರುವ ಚಿನ್, ಚಿಂಗ್ ರಾಜವಂಶಗಳ ಹೆಸರು ಕ್ಯೂನಿಂದ ಶುರುವಾಗುವುದು ಇದೇ ಕಾರಣಕ್ಕೆ.

*ಕ್ಯೂ, ಎ, ಟಿ.* ‘ಕಾಟ್’. ಯೆಮನ್, ಇಥಿಯೋಪಿಯಾ, ಸೊಮಾಲಿಯಾ ಕಡೆಯ ಒಂದು ಗಿಡ. ಅದರ ಎಳೆಯ ಎಲೆಗಳನ್ನು ಅಲ್ಲಿನವರು ಮಧ್ಯಾಹ್ನದ ಹೊತ್ತು ಗುಂಪಾಗಿ ಕುಳಿತು ಅಗಿಯುತ್ತಾರೆ. ನಮ್ಮ ಜಗಲಿಯ ಎಲೆ-ಅಡಿಕೆ ಹರಟೆ ನೆನಪಾಗುತ್ತದೆ. ಆದರೆ ಇದು ಅಮಲಿನ ಎಲೆ, ಹಲವು ದೇಶಗಳಲ್ಲಿ ನಿಷೇಧಿಸಿದ್ದಾರೆ. ಸ್ಕ್ರಾಬಲ್ ಹಲಗೆಯ ಮೇಲೆ ಮಾತ್ರ ಇಡಿ.

*ಕ್ಯೂ, ಎ, ಡಿ, ಐ.* ‘ಕಾದಿ’. ಅರಬ್ಬಿಯಲ್ಲಿ ನ್ಯಾಯಾಧೀಶ. ಪರ್ಷಿಯನ್, ಉರ್ದು ದಾಟಿ ಕನ್ನಡಕ್ಕೆ ಬಂದಾಗ ‘ಖಾಜಿ’ ಆದವನು ಇವನೇ.

*ಎಫ್, ಎ, ಕ್ಯೂ, ಐ, ಆರ್.* ನಮಗೆ ಗೊತ್ತಿರುವ ಫಕೀರ. ಅರಬ್ಬಿಯಲ್ಲಿ ‘ಬಡವ’ ಎಂದರ್ಥ.

*ಕ್ಯೂ, ಐ, ಎನ್, ಡಿ, ಎ, ಆರ್.* ಯುರೋಪಿನ ಅಲ್ಬೇನಿಯಾ ದೇಶದ ಹಣ ಲೆಕ್. ಅದರ ನೂರನೇ ಒಂದು ಭಾಗ ಇದು. ನಮ್ಮ ಪೈಸೆ ಇದ್ದ ಹಾಗೆ. ಆ ಭಾಷೆಯಲ್ಲಿ ‘ಕ್ಯಿಂದ್’ ಎಂದರೆ ನೂರು. ನಾಲ್ಕು ದಶಕ ನೋಟು ಎಣಿಸಿದ ನನಗೆ ಈ ಪದದ ಮೇಲೆ ಸ್ವಲ್ಪ ಪಕ್ಷಪಾತ.

*ಟಿ, ಆರ್, ಎ, ಎನ್, ಕ್ಯೂ.* ‘ಟ್ರ್ಯಾಂಕ್’. ಇದು ಹೊರಗಿನ ಪದ ಅಲ್ಲ. ಮನಸ್ಸಿನ ತಳಮಳ ತಗ್ಗಿಸುವ ಔಷಧಿಗೆ ಟ್ರಾಂಕ್ವಿಲೈಜರ್ ಎನ್ನುತ್ತಾರೆ. ಅವಸರದವರು ಅದನ್ನು ಅರ್ಧಕ್ಕೆ ಕತ್ತರಿಸಿದಾಗ ಯು ಆಚೆ ಬಿತ್ತು.

*ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ.* ‘ಕ್ವರ್ಟಿ’. ಇದಕ್ಕೆ ಯಾವ ದೇಶವೂ ಇಲ್ಲ, ಇದು ಯಂತ್ರದ ಮಗು. ಕಂಪ್ಯೂಟರ್ ಕೀಲಿಮಣೆಯ ಮೇಲಿನ ಅಕ್ಷರ ಸಾಲಿನ ಮೊದಲ ಆರು ಗುಂಡಿಗಳನ್ನು ಓದಿ, ಅದೇ. ಅಮೆರಿಕದ ಪತ್ರಕರ್ತ ಕ್ರಿಸ್ಟೋಫರ್ ಷೋಲ್ಸ್ 1870ರ ದಶಕದಲ್ಲಿ ಟೈಪ್‌ರೈಟರಿಗೆ ಹೊಂದಿಸಿದ ಕ್ರಮ ಇಂದು ನಿಮ್ಮ ಅಮ್ಮನ ಮೊಬೈಲಿನಲ್ಲೂ ಕುಳಿತಿದೆ. ಕ್ಯೂ ಒತ್ತುವ ಕೆಲಸ ಎಡಗೈ ಕಿರುಬೆರಳಿನದು. ಟೈಪಿಂಗ್ ಕಲಿಯುವಾಗ ನನ್ನ ಆ ಬೆರಳು ಪಟ್ಟ ಪಾಡು ನನಗೇ ಗೊತ್ತು.

ನೆಲದಡಿಯ ನದಿ

ಪಟ್ಟಿಯಲ್ಲಿ ನನಗೆ ಅತಿ ಇಷ್ಟವಾದ ಪದವನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ. *ಕ್ಯೂ, ಎ, ಎನ್, ಎ, ಟಿ* — ‘ಕನಾತ್’.

ಇರಾನಿನಂಥ ಒಣ ನಾಡಿನಲ್ಲಿ ತೆರೆದ ಕಾಲುವೆ ತೋಡಿದರೆ ಅರ್ಧ ನೀರು ಬಿಸಿಲಿಗೇ ಆವಿಯಾಗುತ್ತದೆ. ಅದಕ್ಕೆ ಅಲ್ಲಿನವರು ಬೆಟ್ಟದ ತಪ್ಪಲಲ್ಲಿ ಅಂತರ್ಜಲ ಇರುವ ಕಡೆ ಆಳವಾದ ಬಾವಿ ತೋಡಿ, ಅಲ್ಲಿಂದ ಊರಿನವರೆಗೆ ನೆಲದಡಿಯಲ್ಲೇ ಸುರಂಗ ಕೊರೆದರು. ಸುರಂಗ ತುಸುವೇ ಇಳಿಜಾರು. ಜಾಸ್ತಿಯಾದರೆ ನೀರು ರಭಸದಿಂದ ಮಣ್ಣು ಕೊಚ್ಚುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ಗಾಳಿಗೂ ಮಣ್ಣು ಮೇಲೆತ್ತಲಿಕ್ಕೂ ನಡುನಡುವೆ ನೇರ ಬಾವಿಗಳು. ಪಂಪಿಲ್ಲ, ಕರೆಂಟಿಲ್ಲ, ಎತ್ತಿಲ್ಲ. ನೀರು ತಾನಾಗಿ ನಡೆದುಕೊಂಡು ಊರಿಗೆ ಬರುತ್ತದೆ. ಇಂಥ 11 ಕನಾತ್‌ಗಳನ್ನು ಯುನೆಸ್ಕೋ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕನಾತ್ ನೋಡಲು ಇರಾನಿಗೇ ಹೋಗಬೇಕಾಗಿಲ್ಲ. ನಮ್ಮ ಬೀದರಿಗೆ ಹೋಗಿ! 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಇರಾನಿನಿಂದ ವಿದ್ವಾಂಸರು, ಕುಶಲಕರ್ಮಿಗಳು ಬಂದರು. ಅವರೊಂದಿಗೆ ಈ ವಿದ್ಯೆಯೂ ಬಂತು. ನೌಬಾದಿನಲ್ಲಿ ಕೆಂಪು ಜಂಬಿಟ್ಟಿಗೆ ಕೊರೆದು ಮಾಡಿದ ಸುರಂಗ ಇಂದಿಗೂ ಇದೆ. ಇದನ್ನು ಪರ್ಷಿಯನ್ ಹೆಸರಿನಿಂದ ‘ಕರೇಜ್’ ಎನ್ನುತ್ತಾರೆ, ಸುರಂಗ ಬಾವಿ ಎಂದೂ ಕರೆಯುತ್ತಾರೆ. ಹೂಳು, ಕಸ ತುಂಬಿ ಜನ ಮರೆತೇಬಿಟ್ಟಿದ್ದ ಈ ಸುರಂಗವನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಗುರುತಿಸಿ ಹೂಳು ತೆಗೆಯುವ ಕೆಲಸ ನಡೆದಿದೆ.

ಇನ್ನೊಂದು ಸೋಜಿಗ. ಕನಾತ್ ಪದದ ಬೇರಿನಲ್ಲಿ ‘ಜೊಂಡು, ಕೊಳವೆ’ ಎಂಬ ಅರ್ಥ ಇದೆ. ಅದೇ ಹಳೆಯ ಬೇರಿನ ಪದ ಗ್ರೀಕ್, ಲ್ಯಾಟಿನ್ ದಾರಿಯಲ್ಲಿ ಇಂಗ್ಲಿಷಿಗೆ ಹೋಗಿ ‘ಕೆನಾಲ್’ ಆಯಿತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಮಂಡ್ಯದ ಕೆನಾಲು, ಬೀದರಿನ ಕನಾತು ದೂರದ ದಾಯಾದಿಗಳು!

ಎರಡು ‘ಕ’ಗಳ ಕಥೆ

ಅರಬ್ಬಿಯಿಂದ ಬಂದ ಈ ಪದಗಳನ್ನೆಲ್ಲ ಇಂಗ್ಲಿಷಿನವರು ಕೆ ಹಾಕಿ ಬರೆಯಬಹುದಿತ್ತಲ್ಲ, ಯಾಕೆ ಕ್ಯೂ? ಯಾಕೆಂದರೆ ಅರಬ್ಬಿಯಲ್ಲಿ ಎರಡು ‘ಕ’ ಇವೆ. ಒಂದು ‘ಕಾಫ್’, ನಮ್ಮ ಕಮಲದ ಕ. ಇನ್ನೊಂದು ‘ಕ್ವಾಫ್’ ಎಂದು ಕೆಲವರು ಬರೆಯುವ ಆಳದ ಕ. ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಬೇಕು. ಫಿನಿಷಿಯನ್ನರ ಕೋಫ್‌ಗೆ ಇದು ಒಡಹುಟ್ಟು. ನಾವು ಲ-ಳ ಬೇರೆ ಮಾಡುವ ಹಾಗೆ ಅವರು ಇವೆರಡನ್ನೂ ಬೇರೆ ಮಾಡುತ್ತಾರೆ. ನಮ್ಮಲ್ಲಿ ‘ಹಲ್ಲಿ’ ಎಂದರೆ ಗೋಡೆಯ ಮೇಲಿನ ಪ್ರಾಣಿ, ‘ಹಳ್ಳಿ’ ಎಂದರೆ ಊರು. ಅರಬ್ಬಿಯಲ್ಲಿ ಸಾದಾ ಕ ಹಾಕಿ ‘ಕಲ್ಬ್’ ಎಂದರೆ ನಾಯಿ, ಆಳದ ಕ ಹಾಕಿದರೆ ಹೃದಯ! ‘ನೀನೇ ನನ್ನ ಹೃದಯ’ ಎನ್ನುವಾಗ ನಾಲಿಗೆ ಜಾರಿದರೆ ಗತಿ ಏನು? ಹಾಗಾಗಿ ಸಾದಾ ಕ ಗೆ ಕೆ, ಆಳದ ಕ ಗೆ ಕ್ಯೂ ಎಂದು ವಿದ್ವಾಂಸರು ಹಂಚಿಬಿಟ್ಟರು. ಈ ಕ್ಯೂಗೆ ಯು ಬೇಕಾಗಿಲ್ಲ, ಏಕೆಂದರೆ ಅಲ್ಲಿ ‘ಕ್ವ’ ಇಲ್ಲವೇ ಇಲ್ಲ.

ಅಜ್ಜ-ಅಜ್ಜಿಯರೇ, ಈಗ ನಿಮ್ಮ ಸರದಿ. ಈ ಆಳದ ‘ಕ’ ನಮ್ಮ ಕನ್ನಡಕ್ಕೂ ರಾಶಿ ರಾಶಿ ಬಂದಿದೆ. ನಮಗೆ ಒಂದೇ ‘ಕ’ ಇರುವುದರಿಂದ ಗುರುತು ಸಿಗುವುದಿಲ್ಲ, ಅಷ್ಟೆ. ಬಾಕಿ, ಕಿಸ್ತು, ಕರಾರು, ನಕಲು, ನಕ್ಷೆ, ಹಕ್ಕು, ಕಾಯಿದೆ, ಕಿಮ್ಮತ್ತು, ಫರಕು, ತಾಕತ್ತು, ತಾಲ್ಲೂಕು, ಇಲಾಖೆ. ಇವೆಲ್ಲದರ ಮೂಲದಲ್ಲಿ ಆ ಯು ಇಲ್ಲದ ಕ್ಯೂ ಕುಳಿತಿದೆ. ‘ನಗದು’ ಕೂಡ ಮೂಲದಲ್ಲಿ ‘ನಕ್ದ್’. ನಮ್ಮ ಬಾಯಲ್ಲಿ ಕ ಹೋಗಿ ಗ ಆಯಿತು. ನಗದು, ಬಾಕಿ, ಕಿಸ್ತು, ಕರಾರು... ಇಡೀ ನೌಕರಿ ನಾನು ಈ ಕ್ಯೂಗಳನ್ನೇ ಲೆಡ್ಜರಿನಲ್ಲಿ ಬರೆದೆ ಎಂದಾಯಿತು!

ಇನ್ನೂ ತಮಾಷೆ ನೋಡಿ. ‘ಕರಾರು’ ಮತ್ತು ‘ತಕರಾರು’ ಒಂದೇ ಮನೆಯವು ಎನಿಸುತ್ತದೆ. ಅಲ್ಲ! ಕರಾರಿನದು ಆಳದ ಕ, ತಕರಾರಿನದು ಸಾದಾ ಕ. ಒಪ್ಪಂದಕ್ಕೂ ಜಗಳಕ್ಕೂ ಅಕ್ಷರವೇ ಬೇರೆ.

ಬಾಲ ಹಚ್ಚಿದ ಹೆಸರು

ಕ್ಯೂ-ಯು ನಿಯಮ ಒಬ್ಬ ಮನುಷ್ಯನನ್ನು ಎಷ್ಟು ಅಲೆಸಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಶಾಖೆಗೆ ಒಬ್ಬ ವಯಸ್ಸಾದ ದರ್ಜಿ ಬರುತ್ತಿದ್ದರು. ಅವರ ಹೆಸರಿನ ಕೊನೆಯ ಅಕ್ಷರ ಕ್ಯೂ. ಬೇರೆ ಕಡೆ ಅವರು ಇಟ್ಟಿದ್ದ ಠೇವಣಿಯ ರಸೀದಿಯಲ್ಲಿ ಯಾರೋ ಆ ಕ್ಯೂ ಮುಂದೆ ಯು, ಇ ಎರಡನ್ನೂ ಸೇರಿಸಿದ್ದರು. ಕ್ಯೂ ಒಂಟಿಯಾಗಿರಬಾರದು ಎಂಬ ಕಾಳಜಿ ಇರಬೇಕು! ಶಾಲೆಯ ಸರ್ಟಿಫಿಕೇಟಿನಲ್ಲಿ ಮತ್ತೊಬ್ಬರು ಕ್ಯೂ ತೆಗೆದು ಕೆ ಹಾಕಿದ್ದರು. ಮೂರು ಕಾಗದದಲ್ಲಿ ಮೂರು ಜನ.

ಠೇವಣಿಯ ಅವಧಿ ಮುಗಿಯಿತು. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಆ ದುಡ್ಡು ಬೇಕಾಗಿತ್ತು. ‘ಹೆಸರು ತಾಳೆಯಾಗುತ್ತಿಲ್ಲ’ ಎಂದು ಅಲ್ಲಿ ವಾಪಸ್ ಕಳಿಸಿದರು. ಛಾಪಾ ಕಾಗದ, ನೋಟರಿ, ಅಫಿಡವಿಟ್ಟು, ಇಬ್ಬರ ಸಾಕ್ಷಿ ಎಂದು ತಿಂಗಳ ಮೇಲೆ ಅಲೆದರು. ಅವರ ಸಹಿ ನಮ್ಮಲ್ಲಿರುವ ಸಹಿಗೆ ಹೊಂದುತ್ತದೆ ಎಂದು ನಮ್ಮ ಶಾಖೆಯಿಂದಲೂ ಒಂದು ಪತ್ರ ಕೊಟ್ಟೆವು. ಕೊನೆಗೂ ಹಣ ಸಿಕ್ಕಿತು. ಆಗ ಅವರು ಕೌಂಟರಿನ ಮುಂದೆ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನಮ್ಮಪ್ಪ ಇಟ್ಟ ಹೆಸರಿಗೆ ಬಾಲ ಇರಲಿಲ್ಲ ಸಾರ್. ಇವರು ಹಚ್ಚಿದರು. ಕತ್ತರಿಸೋಕೆ ದುಡ್ಡು ನಾನು ಕೊಡಬೇಕಾಯ್ತು.”

ಬಟ್ಟೆ ಕತ್ತರಿಸುವ ಕೈ ಅದು, ಮಾತೂ ಅಷ್ಟೇ ಚೊಕ್ಕ. ಅವರು ಬಾಲ ಎಂದದ್ದು ಎಷ್ಟು ಸರಿ ನೋಡಿ. ನಾವು ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ನಿಲ್ಲುತ್ತೇವಲ್ಲ ‘ಕ್ಯೂ’, ಆ ಪದಕ್ಕೆ ಫ್ರೆಂಚಿನಲ್ಲಿ ಬಾಲ ಎಂದೇ ಅರ್ಥ! ಅದರ ಕಾಗುಣಿತ ಕ್ಯೂ, ಯು, ಇ, ಯು, ಇ. ಮುಂದಿನ ಅಕ್ಷರ ಒಂದೇ ಮಾತಾಡುತ್ತದೆ, ಉಳಿದ ನಾಲ್ಕು ಹಿಂದೆ ಬಾಯಿ ಮುಚ್ಚಿಕೊಂಡು ಸಾಲಾಗಿ ನಿಂತಿವೆ.

ಮಕ್ಕಳೇ, ನಿಮ್ಮ ತರಗತಿಯಲ್ಲೂ ಹೆಸರಿನಲ್ಲಿ ಒಂಟಿ ಕ್ಯೂ ಇರುವ ಗೆಳೆಯರು ಇರಬಹುದು. ಹಾಗೆಯೇ ನಮ್ಮ ಹೆಸರುಗಳನ್ನು ಹೊರನಾಡಿನವರು ಬರೆಯುವಾಗ ಳ ಹೋಗಿ ಲ ಆಗುತ್ತದೆ, ಣ ಹೋಗಿ ನ ಆಗುತ್ತದೆ. ಆಗ ನಮಗೂ ಚುರುಕ್ ಎನ್ನುತ್ತದೆ. ಪದ ವಿಚಿತ್ರವಾಗಿ ಕಂಡರೆ ಕೂಡಲೇ ಕೆಂಪು ಪೆನ್ನು ಎತ್ತಬೇಡಿ. ‘ನಿನ್ನ ಊರು ಯಾವುದು?’ ಎಂದು ಮೊದಲು ಕೇಳಿ. ಅದರ ಊರಿನಲ್ಲಿ ಅದು ವಿಚಿತ್ರವೇ ಅಲ್ಲ.

ಈ ವಾರದ ಮನೆಗೆಲಸ

1. ಇಂಗ್ಲಿಷಿನಲ್ಲಿ ಬರೆದಾಗ ಕ್ಯೂನಿಂದ ಶುರುವಾಗುವ ಒಂದೇ ದೇಶ ಇದೆ, ಕ್ಯೂನಿಂದ ಮುಗಿಯುವ ಒಂದೇ ದೇಶ ಇದೆ. ಯಾವುವು? ಎರಡಕ್ಕೂ ಯು ಇಲ್ಲ.

2. ಅಮೆರಿಕದ 50 ರಾಜ್ಯಗಳ ಹೆಸರುಗಳಲ್ಲಿ ಒಮ್ಮೆಯೂ ಬಾರದ ಒಂದೇ ಅಕ್ಷರ ಯಾವುದು?

3. ಕೀಲಿಮಣೆಯ ಕ್ವರ್ಟಿ ಸಾಲಿನ ಹತ್ತು ಗುಂಡಿಗಳನ್ನಷ್ಟೇ ಬಳಸಿ, ಆ ಕೀಲಿಮಣೆ ಮೊದಲು ಇದ್ದ ಯಂತ್ರದ ಹೆಸರನ್ನೇ ಬರೆಯಬಹುದು. ಯಾವ ಪದ?

4. ಕೈದಿ, ವಕೀಲ, ಕಾಯಿದೆ. ಈ ಮೂವರಲ್ಲಿ ಸಾದಾ ‘ಕ’ ಯಾರದು?

5. ಇದು ಅಜ್ಜ-ಅಜ್ಜಿಯರಿಗೆ. ಹಳೆಯ ಕ್ರಯಪತ್ರ, ಸಾಲಪತ್ರ, ಪಹಣಿ ಮನೆಯಲ್ಲಿದ್ದರೆ ಮೊಮ್ಮಕ್ಕಳ ಜೊತೆ ಕುಳಿತು ಓದಿ. ಉರ್ದು ಬಲ್ಲ ನೆರೆಯವರಿದ್ದರೆ ಯಾವ ಪದದಲ್ಲಿ ಆಳದ ‘ಕ’ ಇದೆ ಎಂದು ಕೇಳಿ ಗುರುತು ಹಾಕಿ. ಕೇಳುವ ನೆಪದಲ್ಲಿ ಒಂದು ಲೋಟ ಚಹಾ ಸಿಕ್ಕರೆ ಅದೂ ಲಾಭವೇ.

*ಉತ್ತರ:* 1. ಕತಾರ್, ಇರಾಕ್. 2. ಕ್ಯೂ. 3. ಟೈಪ್‌ರೈಟರ್. 4. ವಕೀಲ. 5. ಉತ್ತರ ನಿಮ್ಮ ಮನೆಯ ಪೆಟ್ಟಿಗೆಯಲ್ಲಿದೆ.